ಮೊರಿಯಾರ್ಟಿಯನ್ನು ‘ಅವನು’ ಎನ್ನಬೇಕೆ, ‘ಅವರು’ ಎನ್ನಬೇಕೆ?

ಕುಂಜಿಬೆಟ್ಟಿನ ಗಣಿತ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯ ಒಂದು ಪ್ರೌಢಶಾಲೆಯಲ್ಲಿ ಬಹುಕಾಲ ಗಣಿತ ಕಲಿಸಿ ಈಗ ನಿವೃತ್ತಳಾಗಿದ್ದೇನೆ. ತಿಂಗಳಿಗೊಮ್ಮೆ ಸೇರುವ ನಮ್ಮ ಓದುಗರ ಕೂಟದಲ್ಲಿ ಓದಲೆಂದು ತಮಾಷೆಯ ಪತ್ತೇದಾರಿ ಕತೆಗಳ ಒಂದು ಮಾಲೆಯನ್ನು ಬರೆಯಲು ತೊಡಗಿದ್ದೇನೆ. ಕಾಲ ವಿಕ್ಟೋರಿಯಾ ರಾಣಿಯದು, ಊರು ಲಂಡನ್; ಪತ್ತೇದಾರ ಮಾತ್ರ ಷರ್ಲಾಕ್ ಹೋಮ್ಸ್ ಅಲ್ಲ, ಅವನ ಪರಮವೈರಿ ಪ್ರೊಫೆಸರ್ ಮೊರಿಯಾರ್ಟಿ.

ಈ ಪಾತ್ರದ ಮೇಲೆ ನನಗಿರುವ ಮಮತೆಗೆ ಕಾರಣ ಸರಳವಾಗಿದೆ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ದ್ವಿಪದ ಪ್ರಮೇಯದ ಮೇಲೆ ಪ್ರಬಂಧ ಬರೆದು ಯುರೋಪಿನಲ್ಲೆಲ್ಲ ಹೆಸರು ಮಾಡಿ, ಅದರ ಬಲದಿಂದ ಒಂದು ಸಣ್ಣ ವಿಶ್ವವಿದ್ಯಾಲಯದಲ್ಲಿ ಗಣಿತದ ಪೀಠವನ್ನು ಪಡೆದು, ಮುಂದೆ ಊರಿನಲ್ಲಿ ಏನೇನೋ ಗುಸುಗುಸು ಎದ್ದು ಆ ಹುದ್ದೆಯನ್ನು ಬಿಟ್ಟು ಲಂಡನ್ನಿಗೆ ಬಂದು, ಸೈನ್ಯದ ಪರೀಕ್ಷೆಗೆ ಕೂರುವವರಿಗೆ ಪಾಠ ಹೇಳಿಕೊಂಡಿದ್ದ ಮನುಷ್ಯ ಈತ. ನಮ್ಮ ಜಿಲ್ಲೆಗಳಲ್ಲಿ ಇಂಥ ಕೋಚಿಂಗ್ ಮಾಸ್ತರರು ಬೀದಿಗೊಬ್ಬರಿದ್ದಾರೆ, ಆದ್ದರಿಂದ ನನಗೆ ಆತ ಅಪರಿಚಿತನೆನಿಸುವುದೇ ಇಲ್ಲ. ಅಲ್ಲದೆ ಗಣಿತದವರಿಗೆ ಕತೆಗಳಲ್ಲಿ ಸಿಗುವ ದೊಡ್ಡ ಪಾತ್ರಗಳೇ ಕಡಿಮೆ. ಸಿಕ್ಕಿದ ಒಬ್ಬನೂ ಖಳನಾದದ್ದು ನನ್ನ ಹಳೆಯ ಬೇಸರ.

ಮೊದಲ ಕತೆ 1888ರ ಚಳಿಗಾಲದ್ದು. ಬಾಡಿಗೆಮನೆಯ ಒಡತಿಯ ಬೆಳ್ಳಿಯ ಟೀಪಾಟು ಕಾಣೆಯಾಗುತ್ತದೆ. ಎಲ್ಲರೂ ಪಾತ್ರೆ ತೊಳೆಯುವ ಹುಡುಗಿಯ ಕಡೆಗೆ ಕೈ ತೋರಿಸುತ್ತಾರೆ. ಚಹಾ ಕಾಲು ಗಂಟೆ ತಡವಾದ ಸಿಟ್ಟಿಗೆ ಪ್ರೊಫೆಸರ್ ಎದ್ದು ನಿಜವಾದ ಕಳ್ಳನನ್ನು ಪತ್ತೆಹಚ್ಚುತ್ತಾನೆ. ಕೂಟದಲ್ಲಿ ಎಲ್ಲರೂ ನಕ್ಕರು. ಕೊನೆಯಲ್ಲಿ ಒಬ್ಬರು, ‘ಇವರು ಯಾರೋ ಒಳ್ಳೆಯ ಅಜ್ಜ, ಖಳ ಎಲ್ಲಿ?’ ಎಂದು ಕೇಳಿದರು. ಎರಡನೆಯ ಕತೆಯಲ್ಲಿ ಆತನ ಅಪರಾಧಗಳನ್ನೂ ಸೇರಿಸಿದೆ. ಆಗ ಯಾರೂ ನಗಲಿಲ್ಲ. ಇದು ಮೊದಲನೆಯ ತೊಡಕು.

ಎರಡನೆಯದು ವ್ಯಾಕರಣದ್ದು. ಮೊದಲ ಪುಟದಲ್ಲಿ ‘ಅವನು’ ಎಂದು ಆರಂಭಿಸಿದ ನಾನು, ನನಗೇ ಅರಿವಿಲ್ಲದೆ ನಾಲ್ಕನೆಯ ಪುಟಕ್ಕೆ ಬರುವಷ್ಟರಲ್ಲಿ ‘ಅವರು’ ಎಂದು ಬರೆಯುತ್ತಿದ್ದೆ. ಗೆಳತಿಯೊಬ್ಬರು ಅಂಥ ಹದಿನೇಳು ಕಡೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು ಹಸ್ತಪ್ರತಿಯನ್ನು ಹಿಂದೆ ಕೊಟ್ಟರು. ಕತೆಯನ್ನು ಹಳೆಯ ಮಂಗಳೂರಿಗೆ, ಹೆಂಚಿನ ಕಾರ್ಖಾನೆಗಳ ನಡುವಿಗೆ ತಂದರೆ ಎಲ್ಲವೂ ಸುಲಭವಾದೀತು ಎಂಬ ಸಲಹೆಯೂ ಬಂದಿದೆ. ತಿಳಿದವರು ದಯವಿಟ್ಟು ಹೇಳಬೇಕು.

ಕದ್ರಿಯ ಹಿಮ್ಮೇಳ

ಟೀಚರ್, ನಿಮ್ಮ ಮೊದಲನೆಯ ತೊಡಕು ನಮ್ಮ ಸೀಮೆಗೆ ಹೊಸತಲ್ಲ. ವೇಷವಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯಲ್ಲಿ ರಾವಣನಿಗೋ ಕೌರವನಿಗೋ ಅರ್ಥ ಹೇಳಲು, ಅಂದರೆ ಆ ಪಾತ್ರವಾಗಿ ಮಾತಾಡಲು, ಕೂತವರು ರಾತ್ರಿಯಿಡೀ ಎದುರಿಸುವುದು ಇದನ್ನೇ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನೂ ರಾವಣನನ್ನೂ ಕೇಳಿದವರು ಇಲ್ಲಿ ಇನ್ನೂ ಸಾಕಷ್ಟು ಜನ ಇದ್ದಾರೆ. ಅವರನ್ನು ಕೇಳಿದರೆ, ಖಳನನ್ನು ಒಳ್ಳೆಯವನನ್ನಾಗಿ ಮಾಡುವುದು ಬೇರೆ, ದೊಡ್ಡವನನ್ನಾಗಿ ಮಾಡುವುದು ಬೇರೆ ಎಂದೇ ಹೇಳುತ್ತಾರೆ. ವಾಲಿಯ ಪಾತ್ರವನ್ನು ಗಮನಿಸಿ. ತಮ್ಮನ ಹೆಂಡತಿಯನ್ನು ತಾನು ಇಟ್ಟುಕೊಂಡದ್ದನ್ನು ಸಮರ್ಥ ಅರ್ಥಧಾರಿ ಅಲ್ಲಗಳೆಯಲು ಹೋಗುವುದಿಲ್ಲ. ಅದನ್ನು ಅಲ್ಲಿಗೇ ಬಿಟ್ಟು, ಮರೆಯಲ್ಲಿ ನಿಂತು ಬಾಣ ಬಿಟ್ಟವನ ಕಡೆಗೆ ತಿರುಗಿ ಪ್ರಶ್ನೆ ಕೇಳುತ್ತಾನೆ. ಆರೋಪ ಎಲ್ಲಿತ್ತೋ ಅಲ್ಲೇ ಇರುತ್ತದೆ, ನಮ್ಮ ಕಣ್ಣು ಮಾತ್ರ ಬೇರೆ ಕಡೆಗೆ ಹೊರಳುತ್ತದೆ. ನಿಮ್ಮ ಮೊದಲ ಕತೆಯಲ್ಲಿ ಆರೋಪವನ್ನೇ ಅಳಿಸಿಬಿಟ್ಟಿದ್ದೀರಿ, ಎರಡನೆಯದರಲ್ಲಿ ಅದನ್ನು ನಡುಮನೆಗೆ ತಂದು ಕೂರಿಸಿದ್ದೀರಿ ಎಂದು ನನ್ನ ಊಹೆ.

ರನ್ನನನ್ನೂ ನೆನೆಯಬಹುದು. ಆತನ ಗದಾಯುದ್ಧದ ನಾಯಕ ಭೀಮ. ಕಾವ್ಯದ ಇನ್ನೊಂದು ಹೆಸರೇ ಸಾಹಸಭೀಮವಿಜಯ. ಆದರೂ ಓದಿ ಮುಗಿಸಿದವರ ಎದೆಯಲ್ಲಿ ನಿಲ್ಲುವವನು ದುರ್ಯೋಧನ. ರಣರಂಗದಲ್ಲಿ ಹೆಣಗಳನ್ನು ದಾಟುತ್ತ ನಡೆಯುವಾಗ, ಶತ್ರುವಿನ ಮಗನಾದ ಅಭಿಮನ್ಯುವಿನ ಎದುರು ನಿಂತು, ನಿನ್ನ ಸಾಹಸದ ಒಂದು ಪಾಲಿಗಾದರೂ ಸಮನಾದ ಸಾವು ನನಗೆ ಬರಲಿ ಎಂದು ಬೇಡುತ್ತಾನಲ್ಲ, ಅಷ್ಟು ಸಾಕು. ಅವನು ಮಾಡಿದ ಯಾವ ತಪ್ಪನ್ನೂ ರನ್ನ ತೊಳೆದಿಲ್ಲ. ವೈರಿಯ ಹಿರಿಮೆಯನ್ನು ಕಾಣುವ ಕಣ್ಣನ್ನು ಮಾತ್ರ ಕೊಟ್ಟಿದ್ದಾನೆ. ಮೊರಿಯಾರ್ಟಿಗೆ ಆ ಕಣ್ಣು ಮೂಲದಲ್ಲೇ ಇದೆ: ಹೋಮ್ಸನ ಮನೆಗೆ ಬಂದು ಎಚ್ಚರಿಕೆ ಕೊಡುವಾಗ, ನೀವು ಈ ವ್ಯವಹಾರವನ್ನು ಎದುರಿಸಿದ ರೀತಿ ನನ್ನ ಬುದ್ಧಿಗೆ ಒಂದು ಔತಣವಾಗಿತ್ತು, ಕಠಿಣ ಕ್ರಮಕ್ಕೆ ಇಳಿಯಬೇಕಾಗಿ ಬಂದರೆ ನಿಜಕ್ಕೂ ದುಃಖವಾಗುತ್ತದೆ ಎಂಬರ್ಥದ ಮಾತನ್ನು ಆಡುತ್ತಾನೆ.

ಹಾಸ್ಯದ ಬಗ್ಗೆ ಒಂದು ಮಾತು. ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಗಂಟೆಗಟ್ಟಲೆ ಕೂತು ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟುಕೊಂಡ ರಾಕ್ಷಸನ ಬಣ್ಣದ ವೇಷ ರಂಗಕ್ಕೆ ಬಂದು ತಾನೇ ತಮಾಷೆ ಮಾಡತೊಡಗಿದರೆ ಕಿರೀಟಕ್ಕೆ ತೂಕ ಉಳಿಯುವುದಿಲ್ಲ. ನಗಿಸುವುದಕ್ಕೆ ಪಕ್ಕದಲ್ಲಿ ಹಾಸ್ಯಗಾರ ಇದ್ದಾನೆ. ನಿಮ್ಮ ಪ್ರೊಫೆಸರ್ ಒಮ್ಮೆಯೂ ನಗಬಾರದು, ತಾನು ತಮಾಷೆಯ ಕತೆಯೊಳಗಿದ್ದೇನೆ ಎಂಬುದು ಆತನಿಗೆ ತಿಳಿದಿರಲೇಬಾರದು. ಹುಲಿ ಬೇಟೆಯ ಕರ್ನಲ್ ಮೊರಾನ್ ಹೇಗೂ ಆತನ ಬಲಗೈ ಬಂಟನಾಗಿ ಇದ್ದಾನೆ. ಆ ಕೆಲಸವನ್ನು ಅವನಿಗೆ ವಹಿಸಿ.

ಹಂಪನಕಟ್ಟೆಯ ವಕೀಲ

ಹಿಮ್ಮೇಳದವರು ಭಾವದ ದಿಕ್ಕಿನಿಂದ ಹೇಳಿದ್ದಾರೆ, ನಾನು ಕಡತದ ದಿಕ್ಕಿನಿಂದ ಹೇಳುತ್ತೇನೆ. ಮೊರಿಯಾರ್ಟಿಯ ವಿರುದ್ಧ ಇರುವ ಸಾಕ್ಷ್ಯವನ್ನು ಯಾರಾದರೂ ಕೂತು ನೋಡಿದ್ದೀರಾ? 1893ರ ಡಿಸೆಂಬರಿನಲ್ಲಿ ಸ್ಟ್ರ್ಯಾಂಡ್ ಪತ್ರಿಕೆಯಲ್ಲಿ ಅಚ್ಚಾದ ‘ದಿ ಫೈನಲ್ ಪ್ರಾಬ್ಲಮ್’ ಕತೆಯಲ್ಲಿ ಹೋಮ್ಸನ ಗೆಳೆಯನೂ ನಿರೂಪಕನೂ ಆದ ವಾಟ್ಸನ್ ತನ್ನ ಕಣ್ಣಿನಿಂದ ಕಂಡದ್ದು ಇಷ್ಟೇ: ವಿಕ್ಟೋರಿಯಾ ನಿಲ್ದಾಣದಲ್ಲಿ ಹೊರಟ ರೈಲಿನ ಕಡೆಗೆ ಜನರನ್ನು ತಳ್ಳಿಕೊಂಡು ಬರುತ್ತಿದ್ದ ಒಬ್ಬ ಎತ್ತರದ ವ್ಯಕ್ತಿ, ಆಮೇಲೆ ಹೋಮ್ಸನೂ ಮೊರಿಯಾರ್ಟಿಯೂ ಕೊನೆಯ ಬಾರಿ ಎದುರಾದ ರೈಶೆನ್‌ಬಾಖ್ ಜಲಪಾತದ ಬಳಿ ಗುಡ್ಡದ ದಾರಿಯಲ್ಲಿ ಬಿರಬಿರನೆ ನಡೆಯುತ್ತಿದ್ದ ಒಂದು ಕಪ್ಪು ಆಕೃತಿ. ಇನ್ನುಳಿದ ಎಲ್ಲವೂ ಹೋಮ್ಸ್ ಹೇಳಿದ್ದನ್ನು ವಾಟ್ಸನ್ ಬರೆದುಕೊಂಡದ್ದು. ರಾಣಿಯ ಕಾಲದಲ್ಲೇ ಬಂದ 1872ರ ನಮ್ಮ ಸಾಕ್ಷ್ಯ ಕಾಯಿದೆಯ 60ನೆಯ ಕಲಮು, ಮೌಖಿಕ ಸಾಕ್ಷ್ಯ ನೇರವಾದದ್ದಾಗಿರಬೇಕು ಎಂದಿತ್ತು. ಆ ಮಾನದಂಡದಿಂದ ಅಳೆದರೆ ವಾಟ್ಸನನನ್ನು ಕಟಕಟೆಯಲ್ಲಿ ಹತ್ತು ನಿಮಿಷವೂ ನಿಲ್ಲಿಸಿಕೊಳ್ಳಲು ಆಗುವುದಿಲ್ಲ.

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಪ್ರತಿವಾದ ಆ ಕತೆಯೊಳಗೇ ಇದೆ. ಪ್ರೊಫೆಸರನ ತಮ್ಮನೋ ಅಣ್ಣನೋ ಆದ ಕರ್ನಲ್ ಜೇಮ್ಸ್ ಮೊರಿಯಾರ್ಟಿ ಸತ್ತವನ ಹೆಸರನ್ನು ಸಮರ್ಥಿಸಿ ಪತ್ರಗಳನ್ನು ಬರೆದದ್ದರಿಂದಲೇ ತಾನು ಬಾಯಿ ಬಿಡಬೇಕಾಯಿತು ಎಂದು ವಾಟ್ಸನ್ ಮೊದಲ ಪುಟದಲ್ಲೇ ಹೇಳುತ್ತಾನೆ. ಆ ಪತ್ರಗಳನ್ನು ನಾವು ಯಾರೂ ಓದಿಲ್ಲ. ಟೀಚರ್ ಬರೆಯಬೇಕಾದದ್ದು ಅವುಗಳನ್ನೇ ಇರಬಹುದು. ಸಾಲದ್ದಕ್ಕೆ, ಮೊರಿಯಾರ್ಟಿಯ ಹೆಸರನ್ನು ಕೇಳಿದ್ದೀಯಾ ಎಂದು ಹೋಮ್ಸ್ ಕೇಳಿದಾಗ ವಾಟ್ಸನ್ ಇಲ್ಲವೇ ಇಲ್ಲ ಎನ್ನುತ್ತಾನೆ. ಅದಕ್ಕಿಂತ ಮೊದಲು ನಡೆದ ಕತೆಯೆಂದು ಹೇಳಲಾದ, ಆದರೆ 1914ರಲ್ಲಿ ಪ್ರಕಟವಾಗತೊಡಗಿದ ‘ದಿ ವ್ಯಾಲಿ ಆಫ್ ಫಿಯರ್’ನಲ್ಲಿ ಅದೇ ವಾಟ್ಸನ್‌ಗೆ ಆ ಹೆಸರು ಚೆನ್ನಾಗಿಯೇ ಗೊತ್ತು. ಪಾಟೀಸವಾಲಿಗೆ ಇದಕ್ಕಿಂತ ಹೆಚ್ಚಿನದು ಬೇಕೆ?

ಆದರೆ ಪ್ರಾಸಿಕ್ಯೂಷನ್ ಕೈಯಲ್ಲಿ ಒಂದು ಒಳ್ಳೆಯ ದಾಖಲೆ ಇದೆ, ಅದನ್ನು ನೀವು ಮುಚ್ಚಿಡಬೇಡಿ. ವರ್ಷಕ್ಕೆ 700 ಪೌಂಡ್ ಸಂಬಳದ ಪ್ರೊಫೆಸರನ ಓದುವ ಕೋಣೆಯ ಗೋಡೆಯ ಮೇಲೆ ಫ್ರೆಂಚ್ ಕಲಾವಿದ ಗ್ರೂಜ್ ಬರೆದ ಚಿತ್ರವೊಂದು ತೂಗುತ್ತಿದೆ. ಅದೇ ಕಲಾವಿದನ ಇನ್ನೊಂದು ಚಿತ್ರ ಹರಾಜಿನಲ್ಲಿ 40,000 ಪೌಂಡಿಗಿಂತ ಹೆಚ್ಚಿನ ಬೆಲೆಗೆ ಹೋಗಿತ್ತು ಎಂದು ಹೋಮ್ಸ್ ಬೊಟ್ಟು ಮಾಡಿ ತೋರಿಸುತ್ತಾನೆ. ಆದಾಯಕ್ಕೆ ಮೀರಿದ ಆಸ್ತಿ ಎಂಬ ಮಾತು ನಮ್ಮ ಓದುಗರಿಗೆ ಹೊಸತಲ್ಲ. ಆ ಚಿತ್ರದ ಕೆಳಗೆ ಕೂತು ನಿಮ್ಮ ಪ್ರೊಫೆಸರ್ ಟೀಪಾಟಿನ ಕಳ್ಳನಿಗೆ ಪರರ ಸೊತ್ತಿನ ಬಗ್ಗೆ ಬುದ್ಧಿ ಹೇಳಲಿ. ಚಿತ್ರದ ವಿಷಯದಲ್ಲಿ ಯಾರೂ ಒಂದು ಮಾತೂ ಆಡದಿರಲಿ. ಖಳ ಎಲ್ಲಿ ಎಂದು ಕೇಳಿದವರಿಗೆ ಉತ್ತರ ಗೋಡೆಯ ಮೇಲಿದೆ.

ಇನ್ನೊಂದು ವಸ್ತುವೂ ಇದೆ. ಹೋಮ್ಸನ ಮನೆಗೆ ಬಂದಾಗ ಆತ ಕಿಸೆಯಿಂದ ತೆಗೆಯುವುದು ಪಿಸ್ತೂಲನ್ನಲ್ಲ, ಒಂದು ಟಿಪ್ಪಣಿ ಪುಸ್ತಕವನ್ನು. ಜನವರಿ 4ರಂದು ನೀವು ನನ್ನ ದಾರಿಗೆ ಅಡ್ಡ ಬಂದಿರಿ, 23ರಂದು ತೊಂದರೆ ಕೊಟ್ಟಿರಿ ಎಂದು ತಾರೀಕು ಹಿಡಿದು ಓದುತ್ತಾನೆ. ಗಡಂಗಿನ ಲೆಕ್ಕ ಓದಿದ ಹಾಗೆ.

ಹಕ್ಕಿನ ವಿಷಯದಲ್ಲಿ ಹೆದರಬೇಡಿ. ಹೋಮ್ಸನ ಕತೆಗಳನ್ನು ಬರೆದ ಆರ್ಥರ್ ಕಾನನ್ ಡಾಯ್ಲ್ ತೀರಿಕೊಂಡದ್ದು 1930ರಲ್ಲಿ. ನಮ್ಮ ದೇಶದಲ್ಲಿ ಆ ಕತೆಗಳ ಮೇಲಿನ ಹಕ್ಕು ಮುಗಿದು ಎಷ್ಟೋ ಕಾಲವಾಯಿತು. ಆದರೆ ಮೊರಿಯಾರ್ಟಿಯನ್ನೇ ನಾಯಕನನ್ನಾಗಿಸಿ ಇತ್ತೀಚಿನವರು ಬರೆದ ಕಾದಂಬರಿಗಳಿವೆ, ಅವರು ಹೊಸದಾಗಿ ಹುಟ್ಟಿಸಿದ ಪಾತ್ರಗಳನ್ನೂ ಘಟನೆಗಳನ್ನೂ ಮುಟ್ಟಬೇಡಿ. ಡಾಯ್ಲ್ ಕೊಟ್ಟದ್ದೇ ಬೇಕಾದಷ್ಟಿದೆ.

ಅಜ್ಜರಕಾಡಿನ ಓದುಗಿ

ಎಲ್ಲರೂ ಒಂದೇ ರಾಗ ಹಾಡುತ್ತಿರುವುದರಿಂದ ನಾನು ಅಪಸ್ವರ ತೆಗೆಯುತ್ತೇನೆ, ಟೀಚರ್ ಕ್ಷಮಿಸಬೇಕು. ಡಾಯ್ಲ್‌ಗೆ ಈ ಆಟ ಹಿಡಿಸುತ್ತಿರಲಿಲ್ಲ. ಆತನ ತಂಗಿಯ ಗಂಡ ಇ. ಡಬ್ಲ್ಯು. ಹಾರ್ನಂಗ್ ರ‍್ಯಾಫಲ್ಸ್ ಎಂಬ ಸಭ್ಯ ಕಳ್ಳನನ್ನು ನಾಯಕನನ್ನಾಗಿ ಮಾಡಿ ಬರೆದ ಕತೆಗಳು 1899ರಲ್ಲಿ ಪುಸ್ತಕವಾದಾಗ, ಅದನ್ನು ಭಾವನಿಗೇ ಅರ್ಪಿಸಿದ್ದ. ಭಾವ ಕತೆಗಳ ಕುಶಲತೆಯನ್ನು ಮೆಚ್ಚಿದರೂ, ಅಪರಾಧಿಯನ್ನು ನಾಯಕನನ್ನಾಗಿಸಬಾರದು ಎಂದು ತಾನು ಮೊದಲೇ ಹೇಳಿದ್ದಾಗಿ 1924ರ ಆತ್ಮಕತೆಯಲ್ಲಿ ಬರೆದಿದ್ದಾನೆ. ನನಗೆ ಆ ಮಾತು ಅರ್ಥವಾಗುತ್ತದೆ. ಈಚೆಗೆ ಯಾವ ಖಳನನ್ನು ಎತ್ತಿಕೊಂಡರೂ ಅವನ ಬಾಲ್ಯದ ಒಂದು ಕಣ್ಣೀರಿನ ಕತೆಯನ್ನು ತಂದು ಮುಂದಿಟ್ಟು ಎಲ್ಲವನ್ನೂ ಮಾಫಿ ಮಾಡಿಬಿಡುತ್ತಾರೆ. ಓದಿ ಓದಿ ನನಗೆ ಸಾಕಾಗಿದೆ.

ಹಿಮ್ಮೇಳದವರು ರನ್ನನನ್ನು ತಂದರು, ನಾನು ನಾಗಚಂದ್ರನನ್ನು ತರುತ್ತೇನೆ. ಆತನ ರಾವಣ ಸೀತೆಗೆ ಮನಸೋಲುವಲ್ಲಿ ಕವಿ, ಸಮುದ್ರವೂ ಕಾಲವಶದಿಂದ ಒಮ್ಮೆ ಎಲ್ಲೆ ಮೀರುವುದಿಲ್ಲವೇ ಎಂದು ಕೇಳುತ್ತಾನೆ. ಮಳೆಗಾಲದ ಕಡಲುಕೊರೆತ ನೋಡಿದ ನಮಗೆ ಆ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕಡಲು ಎಲ್ಲೆ ಮೀರಿದ್ದು ಸರಿ ಎಂದು ನಾಗಚಂದ್ರ ಹೇಳಲಿಲ್ಲ, ಮನೆ ಕೊಚ್ಚಿಹೋದವರನ್ನೂ ಮರೆಯಲಿಲ್ಲ. ನಿಮ್ಮ ಕತೆಯಲ್ಲಿ ನನಗೆ ಕಾಣಬೇಕಾದದ್ದು ಆ ಪಾತ್ರೆ ತೊಳೆಯುವ ಹುಡುಗಿ. ಅವಳ ಮೇಲೆ ಸುಳ್ಳು ಆರೋಪ ಬಂದ ಎರಡು ದಿನ ಅವಳು ಎಲ್ಲಿ ಮಲಗಿದ್ದಳು, ಆ ವಾರದ ಸಂಬಳ ಅವಳಿಗೆ ಸಿಕ್ಕಿತೇ?

ಬರೆಯಲೇಬೇಕೆಂದಿದ್ದರೆ ನನ್ನ ಸಲಹೆ ಇದು. ವಕೀಲರು ಹೇಳಿದ ಆ ಟಿಪ್ಪಣಿ ಪುಸ್ತಕವನ್ನು ಬಳಸಿಕೊಳ್ಳಿ. ನಿಮ್ಮ ಪ್ರೊಫೆಸರ್ ಯಾರ ಪ್ರಕರಣವನ್ನು ಬಿಡಿಸಿಕೊಟ್ಟರೂ ಶುಲ್ಕ ಕೇಳಬಾರದು. ಹುಡುಗಿ ಕೈಮುಗಿದು, ಎಷ್ಟು ಕೊಡಲಿ ಎಂದು ಕೇಳಿದಾಗ, ಏನೂ ಬೇಡಮ್ಮ ಎಂದು ಹೇಳಿ, ಅವಳ ಅಣ್ಣ ಬಂದರಿನ ಉಗ್ರಾಣದಲ್ಲಿ ರಾತ್ರಿ ಕಾವಲಿಗೆ ಇರುವವನು ತಾನೇ ಎಂದು ವಿಚಾರಿಸಿ, ಪುಸ್ತಕ ತೆಗೆದು ತಾರೀಕು ಬರೆದುಕೊಳ್ಳಲಿ. ಅಲ್ಲಿಗೆ ಕತೆ ಮುಗಿಯಲಿ. ಕೂಟದವರು ನಗುತ್ತಲೇ ಇರುತ್ತಾರೆ, ಆದರೆ ಮನೆಗೆ ಹೋಗುವ ದಾರಿಯಲ್ಲಿ ಒಬ್ಬರಿಗಾದರೂ ಆ ಅಣ್ಣನ ನೆನಪಾಗಿ ಕಸಿವಿಸಿಯಾದೀತು.

ಹಂಪನಕಟ್ಟೆಯ ವಕೀಲ

ವಿರೋಧ ಪಕ್ಷದವರು ನನ್ನ ಕಕ್ಷಿಗಾರನಿಗೆ ನನಗಿಂತ ಹೆಚ್ಚು ಉಪಕಾರ ಮಾಡಿದ್ದಾರೆ. ಒಪ್ಪಿದೆ.

ಬಲ್ಮಠದ ಕರಡು ತಿದ್ದುವವ

ನನ್ನ ಕಸುಬು ಅಚ್ಚಿಗೆ ಹೋಗುವ ಮುನ್ನ ಕರಡು ತಿದ್ದುವುದು, ಆದ್ದರಿಂದ ಎರಡನೆಯ ತೊಡಕಿಗೆ ಮಾತ್ರ ಉತ್ತರಿಸುತ್ತೇನೆ.

ಇಂಗ್ಲಿಷಿನಲ್ಲಿ ಕೊಲೆಗಾರನಿಗೂ ಬಿಷಪ್ಪನಿಗೂ ಒಂದೇ ಸರ್ವನಾಮ ಸಾಕು. ಅಲ್ಲಿ ಬರೆಯುವವನು ತನ್ನ ಪಾತ್ರದ ಬಗ್ಗೆ ಏನು ಅಂದುಕೊಂಡಿದ್ದಾನೆ ಎಂಬುದನ್ನು ನೂರು ಪುಟ ಬಚ್ಚಿಡಬಹುದು. ಕನ್ನಡದಲ್ಲಿ ‘ಹೇಳಿದ’ ಎಂದರೂ ‘ಹೇಳಿದರು’ ಎಂದರೂ ಮೊದಲ ವಾಕ್ಯದ ಕೊನೆಯಲ್ಲೇ ಗುಟ್ಟು ಹೊರಬೀಳುತ್ತದೆ. ಮನೆಯಲ್ಲಿ ತುಳು ಆಡುವವರಿಗೂ ಇದು ತಪ್ಪಿದ್ದಲ್ಲ, ‘ಆಯೆ’ ಮತ್ತು ‘ಆರ್’ ನಡುವಿನ ಅಂತರ ಅಷ್ಟೇ ಇದೆ. ನಮ್ಮ ಹಿಂದಿನವರು ಈ ಅನುಕೂಲವನ್ನು ಬಲ್ಲವರಾಗಿದ್ದರು. ಒಬ್ಬನೇ ಅರಸನನ್ನು ಒಂದೆಡೆ ದುರ್ಯೋಧನ ಎಂದೂ ಇನ್ನೊಂದೆಡೆ ಸುಯೋಧನ ಎಂದೂ ಕರೆದರೆ ಕೇಳುವವರ ಕಿವಿಯೇ ಬದಲಾಗುತ್ತದೆ. ಆದ್ದರಿಂದ ಟೀಚರ್, ನಿಮ್ಮ ಗೆಳತಿ ಕೆಂಪು ಗೆರೆ ಎಳೆದ ಆ ಹದಿನೇಳು ಕಡೆಗಳು ತಪ್ಪುಗಳಲ್ಲ ಎಂದು ನನ್ನ ಅಭಿಪ್ರಾಯ. ನಾಲ್ಕು ಪುಟಗಳಲ್ಲಿ ನಿಮಗೆ ಏನು ಆಯಿತೋ ಅದೇ ಕತೆಯೊಳಗಿನ ಒಬ್ಬರಿಗೆ ಆಗಲಿ.

ಯಾರಿಗೆ ಎಂದರೆ, ಪೊಲೀಸಿನವರಿಗೆ. ‘ದಿ ವ್ಯಾಲಿ ಆಫ್ ಫಿಯರ್’ನಲ್ಲಿ ಇನ್‌ಸ್ಪೆಕ್ಟರ್ ಮ್ಯಾಕ್‌ಡೊನಾಲ್ಡ್ ಮೊರಿಯಾರ್ಟಿಯನ್ನು ಪರೀಕ್ಷಿಸಲೆಂದೇ ಹೋಗುತ್ತಾನೆ, ಮಾತು ಹೇಗೋ ಗ್ರಹಣಗಳ ಕಡೆಗೆ ಹೊರಳಿ, ಪ್ರೊಫೆಸರ್ ಒಂದು ದೀಪವನ್ನೂ ಒಂದು ಗೋಳವನ್ನೂ ಇಟ್ಟು ಕ್ಷಣದಲ್ಲಿ ಎಲ್ಲವನ್ನೂ ತಿಳಿಹೇಳಿ, ಪುಸ್ತಕವೊಂದನ್ನು ಎರವಲು ಕೊಟ್ಟು, ಬೀಳ್ಕೊಡುವಾಗ ತಂದೆಯ ಹಾಗೆ ಹೆಗಲ ಮೇಲೆ ಕೈಯಿಡುತ್ತಾನೆ. ಆ ಭೇಟಿಯನ್ನು ಡಾಯ್ಲ್ ಇನ್‌ಸ್ಪೆಕ್ಟರನ ಬಾಯಿಂದ ಹೇಳಿಸಿದ್ದಾನೆ. ನೀವು ಅದನ್ನು ಬಾಗಿಲ ಹೊರಗೆ ನಿಂತ ಮನೆಯೊಡತಿಯ ಬಾಯಿಂದ ಹೇಳಿಸಿ. ನಾನು ಮಾದರಿಗೆ ನಾಲ್ಕು ಸಾಲು ಬರೆದು ನೋಡಿದೆ:

‘ಇನ್‌ಸ್ಪೆಕ್ಟರ್ ಹೊಸ್ತಿಲಲ್ಲೇ ನಿಂತು, “ಅವನು ಒಳಗಿದ್ದಾನೆಯೇ?” ಎಂದು ಕೇಳಿದರು. ಇದ್ದಾರೆ ಎಂದೆ. ಅರ್ಧ ಗಂಟೆಯ ಮೇಲೆ ಒಂದು ದಪ್ಪ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಹೊರಗೆ ಬಂದವರು ತಲೆಯ ಮೇಲೆ ಟೊಪ್ಪಿ ಇಲ್ಲದ್ದನ್ನೂ ಗಮನಿಸಲಿಲ್ಲ. “ಗುರುವಾರ ತಂದುಕೊಡುತ್ತೇನೆ ಎಂದು ಅವರಿಗೆ ಹೇಳಿ” ಎಂದರು. ಅವರು ಬಂದದ್ದು ನನ್ನ ಟೀಪಾಟನ್ನು ಹುಡುಕಲು ಎಂಬುದು ನನಗೆ ನೆನಪಾದದ್ದು ಗಾಡಿ ಬೀದಿಯ ತಿರುವು ದಾಟಿದ ಮೇಲೆ.’

ಇದರಿಂದ ಇನ್ನೊಂದು ಲಾಭವೂ ಇದೆ. ನಿರೂಪಣೆ ಒಡತಿಯದಾದರೆ ‘ಅವರು’ ಎಂಬುದು ಲೇಖಕಿಯ ತೀರ್ಪಾಗುವುದಿಲ್ಲ, ತಿಂಗಳ ಮೊದಲ ತಾರೀಕಿಗೆ ತಪ್ಪದೆ ಬಾಡಿಗೆ ಕೊಡುವವರಿಗೆ ಮನೆಯೊಡತಿ ಸಲ್ಲಿಸುವ ಗೌರವವಾಗುತ್ತದೆ. ಪ್ರೊಫೆಸರ್ ಮಾತ್ರ ಹೋಮ್ಸನನ್ನು ಕೊನೆಯವರೆಗೂ ‘ಮಿಸ್ಟರ್ ಹೋಮ್ಸ್ ಅವರು’ ಎಂದೇ ಕರೆಯಲಿ. ಇಡೀ ಪುಸ್ತಕದಲ್ಲಿ ಅತ್ಯಂತ ಮರ್ಯಾದಸ್ಥ ಮಾತು ಆತನದ್ದೇ ಆಗಿರಬೇಕು.

ಊರನ್ನು ಬದಲಿಸಬೇಡಿ. ಮೊರಿಯಾರ್ಟಿಯ ಕತೆಗೆ ರೈಲು ಬೇಕು. ಹೋಮ್ಸನನ್ನು ಬೆನ್ನಟ್ಟಲು ಆತ ವಿಶೇಷ ರೈಲನ್ನೇ ಗೊತ್ತುಮಾಡಿಕೊಂಡು ಹೋದವನು. ಮಂಗಳೂರಿಗೆ 1907ರಲ್ಲಿ ರೈಲು ಬರುವ ಹೊತ್ತಿಗೆ ರಾಣಿ ತೀರಿಕೊಂಡು ಆರು ವರ್ಷವಾಗಿತ್ತು. ಹಾಗೆಂದು ಲಂಡನ್ನಿನ ಹ್ಯಾನ್ಸಮ್ ಗಾಡಿಯನ್ನು ಜಟಕಾ ಎಂದು ಬರೆಯಬೇಡಿ. ಜಟಕಾದಲ್ಲಿ ಓಡಿಸುವವನು ಮುಂದೆ ಕೂರುತ್ತಾನೆ. ಹ್ಯಾನ್ಸಮಿನಲ್ಲಿ ಅವನು ಹಿಂದೆ, ಎತ್ತರದಲ್ಲಿ ಕೂತು, ಲಗಾಮನ್ನು ಮಾಡಿನ ಮೇಲಿಂದ ಹಾಯಿಸಿ ಓಡಿಸುತ್ತಾನೆ. ಒಳಗಿದ್ದವರು ಅವನೊಡನೆ ಮಾತಾಡಬೇಕಾದರೆ ತಲೆಯ ಮೇಲಿನ ಸಣ್ಣ ಕಿಂಡಿಯನ್ನು ತೆರೆಯಬೇಕು. ಯಾರ ಮುಖವನ್ನೂ ನೋಡದೆ ಎಲ್ಲವನ್ನೂ ಕೇಳಿಸಿಕೊಳ್ಳಬಲ್ಲ ಗಾಡಿಯವನು ನಿಮ್ಮ ಪ್ರೊಫೆಸರಿಗೆ ಎಷ್ಟು ಉಪಯೋಗಕ್ಕೆ ಬಂದಾನು, ಯೋಚಿಸಿ.

ಆ ಕಾಲದ ಕನ್ನಡ ಬೇಕೆನಿಸಿದರೆ ಕಿಟೆಲ್ ನಿಘಂಟನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಹೋಮ್ಸ್ ಜಲಪಾತಕ್ಕೆ ಬಿದ್ದ ಸುದ್ದಿ ಲಂಡನ್ನಿನಲ್ಲಿ ಅಚ್ಚಾದ ಮರುವರ್ಷವೇ, 1894ರಲ್ಲಿ, ಅದು ಇಲ್ಲಿಯ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಹೊರಬಂತು.

ಕುಂಜಿಬೆಟ್ಟಿನ ಗಣಿತ ಟೀಚರ್

ಎಲ್ಲರಿಗೂ ಋಣಿಯಾಗಿದ್ದೇನೆ. ಓದುಗಿಯವರೇ, ಅಪಸ್ವರಕ್ಕೆ ಕ್ಷಮೆ ಬೇಡ. ಆ ಹುಡುಗಿಯ ಎರಡು ರಾತ್ರಿಗಳನ್ನು ನಾನು ಯೋಚಿಸಿಯೇ ಇರಲಿಲ್ಲ. ಈಗ ಅವಳು ಒಡತಿಯ ಅಡುಗೆಮನೆಯ ಇದ್ದಿಲು ಗೂಡಿನ ಪಕ್ಕದಲ್ಲಿ ಮಲಗುತ್ತಾಳೆ, ಅದನ್ನು ಮೊದಲು ಗಮನಿಸುವವರು ಪ್ರೊಫೆಸರರು. ಅಣ್ಣನ ಉಗ್ರಾಣವೂ ಟಿಪ್ಪಣಿ ಪುಸ್ತಕವೂ ಕೊನೆಯ ಸಾಲಿನಲ್ಲಿ ಬಂದಿವೆ. ಗೋಡೆಯ ಮೇಲೆ ಚಿತ್ರ ತೂಗಿದೆ. ಒಡತಿ ಅದರ ಧೂಳು ಒರೆಸುತ್ತಾಳೆ, ಬೆಲೆ ಅವಳಿಗೆ ಗೊತ್ತಿಲ್ಲ.

ಇಡೀ ಕತೆಯನ್ನು ಒಡತಿಯ ಬಾಯಿಗೆ ಬದಲಿಸಿ ನಿನ್ನೆ ರಾತ್ರಿ ಮನೆಯವರಿಗೆ ಓದಿ ಹೇಳಿದೆ. ಎರಡು ಪುಟ ಸುಮ್ಮನೆ ಕೇಳಿದ ಅವರು ಮೂರನೆಯದರಲ್ಲಿ, ‘ಈ ಅವರು ಅಂದರೆ ಯಾರು, ನಿಮ್ಮ ಹಳೆಯ ಹೆಡ್‌ಮಾಸ್ಟರರಾ?’ ಎಂದು ಕೇಳಿದರು. ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.